ನಿಮ್ಮ ಎತ್ತರ ಬೇಡ, ಸೀಟಿಂದ ಕಣ್ಣಿನವರೆಗಿನ ಅಳತೆ ಹೇಳಿ

ಮುಂಗಾರು ಹತ್ತಿರ ಬಂತು ಅಂದರೆ ಬೈಕಿನ ವಿಂಡ್‌ಶೀಲ್ಡ್ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ನನ್ನ ಎತ್ತರ ಇಷ್ಟು, ಬೈಕು ಇಂಥದ್ದು, ಯಾವ ಶೀಲ್ಡ್ ಹಾಕಿಸಲಿ?" ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಬರುತ್ತದೆ. ಅದಕ್ಕೇ ಈ ಸಲ ಅದೊಂದಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ. ಉಳಿದವಕ್ಕೆ ಚುಟುಕು ಉತ್ತರ. ಹಳೇ ಶೀಲ್ಡ್ ಬಿಚ್ಚೋದು ಹೇಗೆ, ಯಾವ ಅಲೆನ್ ಕೀ ಬೇಕು ಅನ್ನೋದನ್ನೆಲ್ಲ ಬರೆದಿಲ್ಲ. ಅದು ನಿಮ್ಮ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ.

ಪ್ರಶ್ನೆ: ಸರ್, ನನ್ನದು ಹಿಮಾಲಯನ್ 411. ಶೀಲ್ಡ್ ಬೋಲ್ಟ್ ಹತ್ತಿರ ಸೀಳು ಬಿಟ್ಟಿದೆ, ಬದಲಾಯಿಸಲೇಬೇಕು. ಕೆಲಸದ ಮೇಲೆ ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ. ಬಿಡುವಾದಾಗ ಬೆಂಗಳೂರಿಗೂ ಬೈಕಲ್ಲೇ ಹೋಗುತ್ತೇನೆ. ಎತ್ತರ 5 ಅಡಿ 7 ಇಂಚು. ಮಳೆ ಮುಖಕ್ಕೆ ಹೊಡೆಯಬಾರದು. ಅಂಗಡಿಯವರು "ಇರೋದರಲ್ಲೇ ಎತ್ತರದ್ದು ಹಾಕಿಸಿ, ಮಳೆಗೆ ಅದೇ ಬೆಸ್ಟ್" ಅಂತಾರೆ. ಹಾಕಿಸಲಾ? (ಓದುಗರು, ಗೋಪಾಳ, ಶಿವಮೊಗ್ಗ)

ಉತ್ತರ: ಬೇಡ. ಅಂಗಡಿಯವರು ಹೇಳಿದ್ದು ತಪ್ಪು. ಘಾಟಿಯಲ್ಲಿ ಓಡಿಸುವವರಿಗಂತೂ ಅದು ಅಪಾಯದ ಸಲಹೆ.

ಕಾರಿನ ಗಾಜಿಗೆ ವೈಪರ್ ಇದೆ. ನಿಮ್ಮ ಶೀಲ್ಡ್‌ಗೆ ಇಲ್ಲ. ಆದ್ದರಿಂದ ಬೈಕಿನ ಶೀಲ್ಡ್ ಮೂಲಕ ರಸ್ತೆ ನೋಡಬಾರದು, ಅದರ ಮೇಲಿಂದ ನೋಡಬೇಕು. ಇದೊಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಜುಲೈ ಸಂಜೆ ಅಲ್ಲಿ ಏನಾಗುತ್ತದೆ ನೋಡಿ. ಶೀಲ್ಡ್ ಹೊರಗೆ ಹನಿ, ಒಳಗೆ ಮಂಜು. ಅದರ ಹಿಂದೆ ನಿಮ್ಮ ಹೆಲ್ಮೆಟ್ ಗ್ಲಾಸ್, ಅದರ ಮೇಲೂ ಹನಿ. ಸೋಮೇಶ್ವರದಿಂದ ಹತ್ತಿ ಬರುವ ಮಿನಿ ಬಸ್ಸಿನ ಹೆಡ್‌ಲೈಟ್ ಬಿದ್ದರೆ ಒಂದೊಂದು ಹನಿ, ಒಂದೊಂದು ಗೀರು ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ. ರಸ್ತೆ ಅಂಚು ಎಲ್ಲಿ, ಮೋರಿ ಎಲ್ಲಿ, ಒಂದೂ ಕಾಣುವುದಿಲ್ಲ. ಹೆಲ್ಮೆಟ್ ಗ್ಲಾಸನ್ನಾದರೂ ಗ್ಲೌಸಿನಲ್ಲಿ ಒರೆಸಬಹುದು, ಎತ್ತಬಹುದು. ಶೀಲ್ಡನ್ನು ಓಡಿಸುತ್ತಾ ಏನು ಮಾಡುತ್ತೀರಿ?

ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿನಲ್ಲಿ ನೀವು ನೇರ ನೋಡುವುದಿಲ್ಲ, ಕತ್ತು ತಿರುಗಿಸಿ ಮುಂದಿನ ರಸ್ತೆ ಹುಡುಕುತ್ತೀರಿ. ಆಗ ನಿಮ್ಮ ನೋಟ ಹಾಯುವುದು ಶೀಲ್ಡಿನ ಪಕ್ಕದಿಂದ, ಅಂದರೆ ಅದು ಜಾಸ್ತಿ ಬಾಗಿರುವ ಕಡೆಯಿಂದ. ಅಲ್ಲಿ ರಸ್ತೆ ಸೊಟ್ಟಗೆ ಕಾಣುತ್ತದೆ, ಬಿಳಿ ಗೆರೆ ಎರಡಾಗಿ ಕಾಣುತ್ತದೆ. ಒಣ ಹಗಲಿನಲ್ಲಿ ಇದು ಬರೀ ಕಿರಿಕಿರಿ. ಮಳೆಯಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ.

"ಆದರೂ ಮಳೆ ತಡೆಯುತ್ತೆ ಅಲ್ವಾ?" ಅಂತ ಕೇಳುತ್ತೀರಿ. ಘಾಟಿಯಲ್ಲಿ ತಡೆಯುವುದಿಲ್ಲ ಮಾರಾಯ್ರೆ. ವೇಗ ಮೂರು ಪಟ್ಟಾದರೆ ಗಾಳಿಯ ಹೊಡೆತ ಒಂಬತ್ತು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ 90ರಲ್ಲಿ ಎದೆಗೆ ಬೀಳುವ ಒತ್ತಡದ ಒಂಬತ್ತನೇ ಒಂದು ಪಾಲು ಮಾತ್ರ ಘಾಟಿಯ 30ರಲ್ಲಿ ಇರುತ್ತದೆ. ಅಷ್ಟು ನಿಧಾನದಲ್ಲಿ ಮಳೆ ಮೇಲಿಂದಲೇ ಸುರಿಯುತ್ತದೆ. ಎಷ್ಟೇ ಎತ್ತರದ ಶೀಲ್ಡ್ ಇದ್ದರೂ ನೀವು ನೆನೆಯುವುದು ನೆನೆಯುವುದೇ. ಮುಖ ಕಾಯುವ ಕೆಲಸ ಹೆಲ್ಮೆಟ್ಟಿನದು. ಒಳಗೆ ಮಂಜು ಕಟ್ಟದ ಪಿನ್‌ಲಾಕ್ ಹಾಳೆ ಕೂರುವ ಹೆಲ್ಮೆಟ್ ತೆಗೆದುಕೊಳ್ಳಿ, ಆ ದುಡ್ಡು ದಂಡವಾಗುವುದಿಲ್ಲ. ಶೀಲ್ಡ್ ಇರುವುದು ಹೆದ್ದಾರಿಯಲ್ಲಿ ಎದೆ ಮತ್ತು ಕತ್ತಿನ ಮೇಲಿನ ಭಾರ ಇಳಿಸಲಿಕ್ಕೆ.

ಇನ್ನು ಅಳತೆ. 5 ಅಡಿ 7 ಇಂಚು ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ. ಒಂದೇ ಎತ್ತರದ ಇಬ್ಬರು ಒಂದೇ ಬೈಕಿನಲ್ಲಿ ಕೂತರೂ ಕಣ್ಣು ಒಂದೇ ಮಟ್ಟಕ್ಕೆ ಬರುವುದಿಲ್ಲ. ಸೀಟಿನ ಫೋಮ್ ಕುಸಿದಿದ್ದರೆ ಇನ್ನೂ ಕೆಳಗೆ. ಆದ್ದರಿಂದ ಬೈಕಿನ ಮೇಲೆ ಕೂತೇ ಅಳತೆ ತೆಗೆಯಬೇಕು.

ಹೀಗೆ ಮಾಡಿ. ಊರಿಗೆ ಹೊರಡುವ ಹಾಗೆ ಬ್ಯಾಗ್ ಕಟ್ಟಿ. ಹಿಂದೆ ಯಾರಾದರೂ ಕೂರುವುದಿದ್ದರೆ ಅವರನ್ನೂ ಕೂರಿಸಿ. ಭಾರಕ್ಕೆ ಹಿಂದಿನ ಸಸ್ಪೆನ್ಷನ್ ಕೂತರೆ ಶೀಲ್ಡಿನ ಕೋನವೇ ಬದಲಾಗುತ್ತದೆ. ಹೆಲ್ಮೆಟ್, ಜಾಕೆಟ್, ಶೂ ಎಲ್ಲ ಇರಲಿ. ಸಮತಟ್ಟು ಜಾಗದಲ್ಲಿ ಒಬ್ಬರು ಬೈಕು ನೇರ ಹಿಡಿದುಕೊಳ್ಳಲಿ. ಫೋಟೋಗೆ ಕೂರುವ ಹಾಗೆ ಸೆಟೆದು ಕೂರಬೇಡಿ, ಎರಡು ತಾಸು ಓಡಿಸಿದ ಮೇಲೆ ಹೇಗೆ ಕೂರುತ್ತೀರೋ ಹಾಗೆ ಕೂರಿ. ಮುಂದಿನ ಚಕ್ರದಿಂದ ಹತ್ತು ಮೀಟರ್ ದೂರದಲ್ಲಿ ರಸ್ತೆ ಮೇಲೆ ಒಂದು ಕಲ್ಲಿಡಿಸಿ. ಆ ಕಲ್ಲು ಶೀಲ್ಡಿನ ಅಂಚಿನ ಮೇಲಿಂದ ನಿಮಗೆ ಕಾಣಬೇಕು. ಹೊಸ ಶೀಲ್ಡ್ ಎಷ್ಟು ಎತ್ತರ ಬರಬಹುದು ಅಂತ ತಿಳಿಯಲು ಈಗಿರುವ ಶೀಲ್ಡಿಗೆ ರಟ್ಟು ಅಂಟಿಸಿ ನೋಡಿ. ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದರೆ ಸರಿಯಾದ ಎತ್ತರ ಸಿಗುತ್ತದೆ. ರಟ್ಟು ಕಟ್ಟಿಕೊಂಡು ಮಾತ್ರ ಓಡಿಸಬೇಡಿ.

ಅಂಚು ಮೂಗಿನ ಮಟ್ಟಕ್ಕೆ ಬಂದರೆ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಲೆನಾಡಿನಲ್ಲಿ ಓಡಿಸುವವರಿಗೆ ನಾನು ಬಾಯಿಯ ಮಟ್ಟ ಹೇಳುತ್ತೇನೆ. ಗುಂಡಿಗಳು ಹತ್ತಿರದಿಂದ ಕಾಣಬೇಕು, ಇಳಿಜಾರಿನಲ್ಲೂ ಕಾಣಬೇಕು. ಎಲ್ಲಕ್ಕಿಂತ ಕೆಟ್ಟದ್ದು ಅಂಚು ಸರಿಯಾಗಿ ಕಣ್ಣಿನ ನೇರಕ್ಕೇ ಇರುವುದು. ಪ್ರತಿ ಗುಂಡಿಗೂ ಅದು ಕಣ್ಣ ಮುಂದೆ ಮೇಲೆ ಕೆಳಗೆ ಆಡುತ್ತದೆ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ತಲೆನೋವು ಗ್ಯಾರಂಟಿ.

ಎತ್ತರದ ಶೀಲ್ಡಿಗೆ ಇನ್ನೊಂದು ಕಾಟ ಇದೆ. ಅದರ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ. ಅಂಚು ದಾಟಿದ ಗಾಳಿ ಸುತ್ತಿ ಬಂದು ಹೆಲ್ಮೆಟ್ಟಿಗೆ ಗುದ್ದುತ್ತದೆ, ಬೆನ್ನ ಕಡೆಯಿಂದಲೂ ತಳ್ಳುತ್ತದೆ. ತುಂತುರು ಹನಿಯನ್ನು ನಿಮ್ಮ ಎದೆಗೇ ತಂದು ಹಾಕುತ್ತದೆ. ಶೀಲ್ಡಿನ ಬುಡದಲ್ಲಿ ಗಾಳಿ ನುಗ್ಗಲು ಒಂದೆರಡು ಸೆಂ.ಮೀ. ಸಂದು ಇದ್ದರೆ ಇದು ಎಷ್ಟೋ ತಗ್ಗುತ್ತದೆ. ಕೊಳ್ಳುವಾಗ ಆ ಸಂದು ನೋಡಿ. ಬುಡ ಪೂರ್ತಿ ಮುಚ್ಚಿರುವುದು ಬೇಡ.

ಈಗಿನ ಶೀಲ್ಡಿನಲ್ಲಿ ತಲೆ ಅದುರುತ್ತಿದ್ದರೆ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಗಾಳಿ ಇಲ್ಲದ ಬೆಳಿಗ್ಗೆ, ಖಾಲಿ ನೇರ ರಸ್ತೆಯಲ್ಲಿ 60ರಲ್ಲಿ ಹೋಗುವಾಗ ಫುಟ್‌ರೆಸ್ಟ್ ಮೇಲೆ ಮೂರು ನಾಲ್ಕು ಇಂಚು ಎದ್ದು ನೋಡಿ. ಸದ್ದು, ಅದುರು ನಿಂತರೆ ನಿಮಗೆ ಇನ್ನೂ ಗಿಡ್ಡ ಶೀಲ್ಡ್ ಬೇಕು. ಬದಲಿಗೆ ತಲೆ ಸ್ವಲ್ಪ ತಗ್ಗಿಸಿದಾಗ ನಿಂತರೆ ಒಂದಿಷ್ಟು ಎತ್ತರದ್ದು ಅಥವಾ ತುದಿ ಮೇಲಕ್ಕೆ ಬಾಗಿದ್ದು ಆಗುತ್ತದೆ, ಕಲ್ಲಿನ ಪರೀಕ್ಷೆ ಪಾಸಾದರೆ ಮಾತ್ರ. ಘಾಟಿಯಲ್ಲಿ ಇದನ್ನೆಲ್ಲ ಮಾಡಬೇಡಿ. ಹೆಲ್ಮೆಟ್ಟಿಗೆ ಮುಂದೆ ಚಾಚಿದ ಪೀಕ್ ಇದ್ದರೆ ಮೊದಲು ಅದನ್ನು ಬಿಚ್ಚಿ ಓಡಿಸಿ. ಎಷ್ಟೋ ಜನರ ತಲೆ ಅದುರುವುದು ಅದರಿಂದ. ಬೈಯಿಸಿಕೊಳ್ಳುವುದು ಶೀಲ್ಡ್.

ಶೀಲ್ಡ್ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದೇ ತೆಗೆದುಕೊಳ್ಳಿ. ಗೀರು ಬೀಳದಂತೆ ಮೇಲೆ ಗಟ್ಟಿ ಲೇಪನ ಇರಬೇಕು. ಅಕ್ರಿಲಿಕ್ ಹೊಳಪಾಗಿರುತ್ತದೆ, ಬೇಗ ಗೀರೂ ಬೀಳುವುದಿಲ್ಲ, ಆದರೆ ಪೆಡಸು. ಜಲ್ಲಿ ಲಾರಿಯ ಹಿಂದೆ ಹೋಗುವಾಗ ಒಂದು ಕಲ್ಲು ಸಿಡಿದರೆ ಚೂಪು ಚೂರಾಗಿ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಹೊಡೆತ ತಿಂದು ನಿಲ್ಲುತ್ತದೆ. ಅದಕ್ಕೆ ಆಗದ್ದು ಕೆಮಿಕಲ್.

ನಿಮ್ಮ ಸೀಳು ಬೋಲ್ಟ್ ಹತ್ತಿರ ಶುರುವಾಗಿದೆ ಅಂದಿರಿ. ಹಳೇ ಶೀಲ್ಡನ್ನು ಬೆಳಕಿಗೆ ಹಿಡಿದು ಆ ತೂತನ್ನು ನೋಡಿ. ಸುತ್ತಲೂ ಕೂದಲೆಳೆಯಂಥ ಸಣ್ಣ ಗೆರೆಗಳು ಹೊರಕ್ಕೆ ಹರಡಿದ್ದರೆ ಯಾರೋ ಬೋಲ್ಟಿಗೆ ಥ್ರೆಡ್‌ಲಾಕರ್ ಅನ್ನೋ ಅಂಟು ಹಚ್ಚಿದ್ದಾರೆ, ಇಲ್ಲವೇ ಸಿಕ್ಕಾಪಟ್ಟೆ ಬಿಗಿ ಮಾಡಿದ್ದಾರೆ. ಆ ನೀಲಿ ಅಂಟು ಕಬ್ಬಿಣಕ್ಕೆ ಸರಿ. ಪಾಲಿಕಾರ್ಬೊನೇಟಿಗೆ ತಾಗಿದರೆ ಒಳಗಿಂದಲೇ ಸೀಳಿಸುತ್ತದೆ. ಬೋಲ್ಟ್ ಸಡಿಲ ಆಗಬಾರದು ಅಂತ ಒಳ್ಳೆಯ ಮನಸ್ಸಿನಿಂದಲೇ ಹಚ್ಚುತ್ತಾರೆ, ಶೀಲ್ಡ್ ಹೋಗುತ್ತದೆ. ಪೆಟ್ರೋಲ್, ಬ್ರೇಕ್ ಆಯಿಲ್ ಕೂಡ ತಾಗಬಾರದು. ಬ್ರೇಕ್ ಆಯಿಲ್ ಡಬ್ಬಿ ಶೀಲ್ಡಿನ ಹಿಂದೆಯೇ ಇದೆ ಅನ್ನೋದು ನೆನಪಿರಲಿ. ಹೊಸದನ್ನು ಕೂರಿಸುವಾಗ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರಬೇಕು, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ. ಎರಡೂ ಕಡೆ ರಬ್ಬರ್ ವಾಷರ್ ಹಾಕಿಸಿ. ರಬ್ಬರ್ ಒತ್ತಿಕೊಳ್ಳುವಷ್ಟು ತಿರುಗಿಸಿ, ಅಲ್ಲಿಗೆ ನಿಲ್ಲಿಸಿ.

ಅಂಗಡಿಯಿಂದ ಹೊರಡುವ ಮೊದಲು ಹ್ಯಾಂಡಲ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಕೇಬಲ್, ಲಿವರ್, ನಿಮ್ಮ ಹೆಬ್ಬೆರಳು, ಯಾವುದೂ ಶೀಲ್ಡಿಗಾಗಲಿ ಅದರ ಕ್ಲಾಂಪಿಗಾಗಲಿ ತಾಗಬಾರದು. ತಾಗಿದರೆ ಆ ಶೀಲ್ಡ್ ವಾಪಸ್ ಕೊಡಿ. "ಓಡಿಸ್ತಾ ಅಡ್ಜಸ್ಟ್ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ.

ನಿಮ್ಮ ಓಡಾಟಕ್ಕೆ ಕಂಪನಿ ಎತ್ತರದ್ದೇ ಹೊಸದು ಹಾಕಿಸಿ ಅನ್ನುವುದು ನನ್ನ ಸಲಹೆ. ಕಲ್ಲಿನ ಪರೀಕ್ಷೆಯಲ್ಲಿ ಜಾಗ ಉಳಿದರೆ ಒಂದೆರಡು ಇಂಚು ಎತ್ತರದ್ದಕ್ಕೆ ಹೋಗಿ. ಅದಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಬೋರ್ಡ್ ಮಾಡುವವರು ಅಕ್ರಿಲಿಕ್ ಶೀಟ್ ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ ಶೀಲ್ಡ್ ಮಾಡಿಕೊಡುತ್ತಾರೆ. ಕಾಲು ಭಾಗ ರೇಟಿಗೆ ಆಗುತ್ತೆ. ಪರವಾಗಿಲ್ವಾ? (ಓದುಗರು, ಹೊಸನಗರ)

ಉತ್ತರ: ದಯವಿಟ್ಟು ಬೇಡ. ಅದು ಅಂಗಡಿ ಬೋರ್ಡಿಗೆ ಮಾಡಿದ ಶೀಟ್. ನಿಮ್ಮ ಕುತ್ತಿಗೆಯ ಮುಂದೆ ನಿಲ್ಲಿಸಲು ಮಾಡಿದ್ದಲ್ಲ. ಕೈಯಲ್ಲಿ ಬಿಸಿ ಮಾಡಿ ಬಗ್ಗಿಸಿದ ಕಡೆ ಶೀಟ್ ಅಲೆ ಅಲೆಯಾಗಿ ನಿಲ್ಲುತ್ತದೆ, ಆಚೆಗಿನದು ಕಲಕಿದ ಹಾಗೆ ಕಾಣುತ್ತದೆ. ಗರಗಸ ಆಡಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳು ಇರುತ್ತದೆ, ಅದು ದಿನಾ ಅದುರಿಗೆ ಬೆಳೆಯುತ್ತದೆ. ಬೈಕು ಬಿದ್ದರೆ ಒಡೆದ ತುಂಡು ಮೊದಲು ಸಿಗುವುದು ನಿಮ್ಮ ಗಂಟಲಿಗೆ. ಇಂಥದ್ದನ್ನು ಮಾಡಿ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ದುಡ್ಡಿಲ್ಲದಿದ್ದರೆ ಶೀಲ್ಡ್ ಇಲ್ಲದೇ ಓಡಿಸಿ, ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನನ್ನದು ಕ್ರೂಸರ್ ಬೈಕು. ಹ್ಯಾಂಡಲ್‌ಗೆ ಕ್ಲಾಂಪ್ ಮಾಡುವ ದೊಡ್ಡ ಶೀಲ್ಡ್ ಹಾಕಿಸಿದ್ದೇನೆ. ಸಿಗಂದೂರು ಸೇತುವೆ ಮೇಲೆ ಹ್ಯಾಂಡಲ್ ತಾನೇ ಎಳೆಯುತ್ತೆ. ಬೈಕು ಹಾಳಾಗಿದೆಯಾ? (ಓದುಗರು, ಸಾಗರ)

ಉತ್ತರ: ಬೈಕು ಸರಿ ಇದೆ, ಶೀಲ್ಡ್ ದೊಡ್ಡದಾಯಿತು. 2025ರ ಜುಲೈನಲ್ಲಿ ತೆರೆದ ಆ ಸೇತುವೆ 2 ಕಿ.ಮೀ.ಗಿಂತ ಉದ್ದ, ಸುತ್ತ ಶರಾವತಿ ಹಿನ್ನೀರು. ಗಾಳಿಗೆ ಅಡ್ಡ ಒಂದು ಮರವೂ ಇಲ್ಲ. ಪಕ್ಕದಿಂದ ಬಂದ ಗಾಳಿ ಶೀಲ್ಡನ್ನು ತಳ್ಳಿದರೆ ಹ್ಯಾಂಡಲ್ ಜೊತೆಗೇ ತಿರುಗುತ್ತದೆ, ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆಯಲ್ಲ. ಫ್ರೇಮಿಗೆ ಕೂರುವ ಶೀಲ್ಡ್ ಆದರೆ ಆ ಹೊಡೆತ ನೇರ ಹ್ಯಾಂಡಲ್‌ಗೆ ಬರುವುದಿಲ್ಲ. ನಿಮ್ಮ ಬೈಕಿಗೆ ಅಂಥದ್ದು ಸಿಗದಿದ್ದರೆ ಈಗಿರುವುದರ ಅರ್ಧ ಅಗಲದ್ದು ಹಾಕಿಸಿ. ಅಲ್ಲಿಯವರೆಗೆ ಸೇತುವೆ ಮೇಲೆ ನಿಧಾನ ಹೋಗಿ.

ಪ್ರಶ್ನೆ: ಕಪ್ಪು ಶೀಲ್ಡ್ ನೋಡಲು ಚೆನ್ನಾಗಿರುತ್ತೆ. ಹಾಕಿಸಬಹುದಾ? (ಓದುಗರು, ಭದ್ರಾವತಿ)

ಉತ್ತರ: ಅಂಚು ಎದೆ ಮಟ್ಟದಲ್ಲೇ ನಿಲ್ಲುವ ಗಿಡ್ಡದಾದರೆ ನಿಮ್ಮಿಷ್ಟ. ಅದಕ್ಕಿಂತ ಎತ್ತರದ್ದಾದರೆ ಬಣ್ಣ ಇಲ್ಲದ್ದೇ ಆಗಬೇಕು.

ಪ್ರಶ್ನೆ: ಶೀಲ್ಡ್ ಮೇಲಿನ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತಂತೆ. ಹುಳಕ್ಕೆ ಸೀಮೆಎಣ್ಣೆ ಅಂತೆ. ಹೌದಾ? (ಓದುಗರು, ಕೊಪ್ಪ)

ಉತ್ತರ: ಎರಡೂ ಸುಳ್ಳು. ಪೇಸ್ಟ್ ಮೇಲಿನ ಲೇಪನವನ್ನೇ ಉಜ್ಜಿ ತೆಗೆಯುತ್ತದೆ, ಒಂದು ಗೀರಿನ ಜಾಗದಲ್ಲಿ ಪೂರ್ತಿ ಮಬ್ಬಾಗುತ್ತದೆ. ಸೀಮೆಎಣ್ಣೆಯಾಗಲಿ, ಅಮೋನಿಯಾ ಇರುವ ಕಿಟಕಿ ಗಾಜಿನ ದ್ರಾವಣವಾಗಲಿ ಪ್ಲಾಸ್ಟಿಕ್ ಹತ್ತಿರ ತರಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಶೀಲ್ಡ್ ಮೇಲೆ ಹೊದಿಸಿಡಿ, ಒಣಗಿದ ಹುಳ ತಾನೇ ನೆನೆದು ಬಿಡುತ್ತದೆ. ಆಮೇಲೆ ಧಾರಾಳ ನೀರು ಬಿಟ್ಟು ಮೆತ್ತಗೆ ಒರೆಸಿ. ಒಣ ಬಟ್ಟೆಯಲ್ಲಿ ತಿಕ್ಕಲೇಬೇಡಿ.

ಪ್ರಶ್ನೆ: ಶೀಲ್ಡ್ ಹಾಕಿಸಿದರೆ ಮೈಲೇಜ್ ಜಾಸ್ತಿ ಆಗುತ್ತಾ? (ಓದುಗರು, ಶಿಕಾರಿಪುರ)

ಉತ್ತರ: ಅದನ್ನು ನಂಬಿ ದುಡ್ಡು ಹಾಕಬೇಡಿ. ಟೈರಿನ ಗಾಳಿ, ಚೈನು ನೋಡಿಕೊಳ್ಳಿ.