ಬೈಪೋಲಾರ್ ಹತೋಟಿಯಲ್ಲಿರುವಾಗ ಎಚ್‌ಐವಿ ತಡೆಯ ಮಾತನ್ನು ಮನೋವೈದ್ಯರ ಬಳಿ ಎತ್ತಬೇಕೇ?
‘ಕಾಯಿಲೆ ಹತೋಟಿಯಲ್ಲಿದೆ, ಎಚ್ಚರದಿಂದಿದ್ದೇನೆ, ಸಾಲದೇ?’ ಎಂದಿದ್ದೀರಿ. ಸಾಲದು. ಏಳು ವರ್ಷದ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಬೈಪೋಲಾರ್‌ನಲ್ಲಿ ಮನಸ್ಸು ಮಿತಿಮೀರಿ ಹಾರುವ ಉನ್ಮಾದ ಏರಿದಾಗ ಮೊದಲು ಕೈಕೊಡುವುದೇ ಆ ಎಚ್ಚರ. ನಿದ್ದೆಯಿಲ್ಲದ ಆರನೆಯ ರಾತ್ರಿ, ಹೆಸರೂ ಸರಿಯಾಗಿ ತಿಳಿಯದ ಒಬ್ಬರ ಜೊತೆ ಹೋದೆ. ಕಾಂಡೋಮ್ ಚೀಲದಲ್ಲೇ ಇತ್ತು, ಅದರ ನೆನಪೇ ಬರಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಎಂದೋ ಕ್ಷಮಿಸಿದ್ದೇನೆ. ಕ್ಷಮಿಸಲಾಗದ್ದು ಆಮೇಲಿನದು.

ಮರುದಿನ ಸಂಜೆಯೇ ಅಕ್ಕ ನನ್ನನ್ನು ಮನೋವೈದ್ಯರ ಮುಂದೆ ಕೂರಿಸಿದಳು. ಅಪಾಯದ ಸಂಪರ್ಕವಾದ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಿದರೆ ಎಚ್‌ಐವಿ ಅಂಟದಂತೆ ತಡೆಯಬಲ್ಲ ಪೆಪ್ ಮಾತ್ರೆಗಳಿವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ! ವೈದ್ಯರು ನಿದ್ದೆ ವಿಚಾರಿಸಿದರು, ದುಂದುವೆಚ್ಚ ವಿಚಾರಿಸಿದರು, ಲೈಂಗಿಕತೆಯ ಸುದ್ದಿಗೇ ಹೋಗಲಿಲ್ಲ. ಅಕ್ಕ ಪಕ್ಕದಲ್ಲಿದ್ದಾಳೆ ಎಂಬುದು ನನ್ನ ನೆಪ. ಹೇಳಿದರೆ ಆಸ್ಪತ್ರೆಗೆ ಸೇರಿಸಿಬಿಡುತ್ತಾರೆಂಬ ಭಯ ಬೇರೆ. ತಲೆ ತಿಳಿಯಾಗಲಿ, ಆಮೇಲೆ ಇದನ್ನು ನೋಡೋಣ ಎಂದುಕೊಂಡೆ. ತಿಳಿಯಾಗಲು ಮೂರು ವಾರ ಹಿಡಿಯಿತು. ‘ಅಕ್ಕಾ, ಎರಡು ನಿಮಿಷ ಹೊರಗಿರು’ ಎನ್ನಲು ನಾಲಿಗೆ ಏಳದೆ ಹೋದದ್ದಕ್ಕೆ ಈಗ ಎಚ್‌ಐವಿಗೆ ಜೀವನಪರ್ಯಂತ ಚಿಕಿತ್ಸೆ.

ಮುಚ್ಚಿಟ್ಟದ್ದೂ ದಕ್ಕಲಿಲ್ಲ. ಬೈಪೋಲಾರ್‌ಗೆಂದು ನಾನು ನುಂಗುತ್ತಿದ್ದ ಕಾರ್ಬಮಜೆಪೀನ್, ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್‌ನ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಹಾಗಾಗಿ ಅದೇ ಮನೋವೈದ್ಯರಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ. ಔಷಧಿಯ ಚೀಟಿ ತಿದ್ದಿ ಬರೆದರು, ಅಷ್ಟೇ.

ನೀವು ನೆಮ್ಮದಿಯಾಗಿರುವ ಈ ಹೊತ್ತಿನಲ್ಲೇ ಹೋಗಿ ಮಾತನಾಡಿ. ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಎಚ್‌ಐವಿ ಅಂಟದಂತೆ ಮುಂಚಿತವಾಗಿಯೇ ದಿನವೂ ನುಂಗುವ ಪ್ರೆಪ್ ಮಾತ್ರೆಯ ಬಗ್ಗೆ ಕೇಳಿ. ಆ ರಾತ್ರಿಯ ಬುದ್ಧಿಯನ್ನು ಅದು ನೆಚ್ಚಿಕೊಂಡಿಲ್ಲ. ಉನ್ಮಾದದಲ್ಲಿ ಮಾತ್ರೆ ಬಿಸಾಡುವವರು ನೀವಾದರೆ ಎರಡು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ, ಆದರೆ ಕಾರ್ಬಮಜೆಪೀನ್ ಜೊತೆ ಅದು ಆಗದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ನುಂಗುತ್ತಿದ್ದರೆ ತಪ್ಪದೆ ಹೇಳಿ: ಪ್ರೆಪ್‌ನ ಟೆನೊಫೊವಿರ್ ಎಂಬ ಔಷಧಿಯೂ ಲಿಥಿಯಂನಂತೆ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಮೂತ್ರಪಿಂಡದ ಮೇಲೆ ಕಣ್ಣಿಡುತ್ತಾರೆ. ಕಾಂಡೋಮ್ ಬಿಡಬೇಡಿ, ಸಿಫಿಲಿಸ್‌ಗೆ ಪ್ರೆಪ್ ಅಡ್ಡ ಬರುವುದಿಲ್ಲ.

ವೈದ್ಯರು ತಾವಾಗಿ ಕೇಳಲಿ ಎಂದು ಮಾತ್ರ ಕಾಯಬೇಡಿ.

ನನ್ನ ರಕ್ತದಲ್ಲಿ ಈಗ ವೈರಸ್ ಪತ್ತೆಯಾಗದಷ್ಟು ಕಡಿಮೆಯಿದೆ. ಹೀಗಿರುವಷ್ಟು ಕಾಲ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟೆನೆಂದರೆ ಅಕ್ಕನ ಫೋನ್ ಬರುತ್ತದೆ: ‘ಎರಡೂ ಡಬ್ಬಿಯ ಮಾತ್ರೆ ಆಯಿತೇ?’