ಹೃದಯ ಕಸಿಗೆ ಮೊದಲು ಪಿಆರ್‌ಎ ಶೇ. 42 ಬಂದಿದೆ ಅಂದರೆ ಏನು? ಮನೆಯವರು ಏನು ಮಾಡಬಹುದು?

ನಿಮ್ಮ ಅತ್ತಿಗೆಗೆ 38 ವರ್ಷ, ಎರಡು ಹೆರಿಗೆ, ಒಂದು ಗರ್ಭಪಾತ, ಆಗ ಎರಡು ಬಾಟಲಿ ರಕ್ತ ಹಾಕಿದ್ದರು ಎಂದು ಬರೆದಿದ್ದೀರಿ. ಬೆಂಗಳೂರಿನಲ್ಲಿ ಕಸಿಗೆ ಹೆಸರು ನೋಂದಣಿಯಾಗಿದೆ, ‘ಪಿಆರ್‌ಎ 42 ಇದೆ, ಮೊದಲ ಮೂರು ತಿಂಗಳು ರಿಸ್ಕ್’ ಎಂದು ಡಾಕ್ಟರು ಹೇಳಿದ್ದಾರೆ. ಕುಮಟಾದಲ್ಲಿ ಕೂತು ಆ ಒಂದು ಅಂಕಿಯನ್ನೇ ನೋಡುತ್ತಿದ್ದರೆ ಹೆದರಿಕೆ ಆಗುವುದು ಸಹಜ. ಆದರೆ ಅಷ್ಟರಿಂದಲೇ ಏನೂ ತೀರ್ಮಾನ ಆಗುವುದಿಲ್ಲ. ಪಿಆರ್‌ಎ ಎಂದರೆ ಬೇರೆಯವರ ಕೋಶಗಳ ಮೇಲೆ ದಾಳಿ ಮಾಡುವ ಆ್ಯಂಟಿಬಾಡಿ ರಕ್ತದಲ್ಲಿ ಇದೆಯೇ ಎಂದು ನೋಡುವ ಪರೀಕ್ಷೆ.

ಹೊಟ್ಟೆಯಲ್ಲಿರುವ ಮಗುವಿನ ಕೋಶಗಳ ಮೇಲೆ ಅಪ್ಪನ ಕಡೆಯ, ದೇಹ ತನ್ನದು–ಪರರದು ಎಂದು ತಿಳಿಯುವ, ಎಚ್‌ಎಲ್‌ಎ ಗುರುತುಗಳೂ ಇರುತ್ತವೆ. ತಾಯಿಯ ರಕ್ತ ಅವನ್ನು ಪರಕೀಯ ಎಂದು ನೆನಪಿಟ್ಟುಕೊಂಡು ಆ್ಯಂಟಿಬಾಡಿ ಮಾಡಿಕೊಳ್ಳಬಹುದು. ಬೇರೆಯವರ ರಕ್ತ ಹಾಕಿದಾಗ, ಎಲ್‌ವ್ಯಾಡ್ ಎಂಬ, ಹೃದಯಕ್ಕೆ ನೆರವಾಗುವ ಪಂಪ್ ಕೂರಿಸಿದಾಗ, ಹಿಂದೆ ಬೇರೆ ಅಂಗ ಕಸಿಯಾಗಿದ್ದರೆ ಆಗುವುದೂ ಇದೇ. 42 ಎಂದರೆ ನೂರು ದಾನಿಗಳಲ್ಲಿ ಸುಮಾರು 42 ಜನರ ಹೃದಯದ ವಿರುದ್ಧ ಆ್ಯಂಟಿಬಾಡಿ ಈಗಾಗಲೇ ತಯಾರಿದೆ ಎಂದರ್ಥ. ಉಳಿದ 58 ಜನರ ವಿರುದ್ಧ ಇಲ್ಲ. ಹಾಗಾಗಿ ನಾನು ಮೊದಲು ಕೇಳುವುದು ‘ಎಷ್ಟು’ ಎಂದಲ್ಲ, ‘ಯಾವುದರ ವಿರುದ್ಧ, ಎಷ್ಟು ಬಲದ್ದು’ ಎಂದು. ಇದನ್ನು ಹೇಳುವುದು ಸಿಂಗಲ್ ಆ್ಯಂಟಿಜೆನ್ ಬೀಡ್ ಟೆಸ್ಟ್. ಅದರ ವರದಿಯಲ್ಲಿ ಪ್ರತಿ ಎಚ್‌ಎಲ್‌ಎ ಎದುರಿಗೂ ಎಂಎಫ್‌ಐ ಎಂಬ ಸಂಖ್ಯೆ ಇರುತ್ತದೆ, ಅದು ಹೆಚ್ಚಿದ್ದಷ್ಟೂ ಆ್ಯಂಟಿಬಾಡಿ ಜೋರು. ಜೋರಾಗಿರುವವನ್ನು ‘ಬೇಡದ ಪಟ್ಟಿ’ಗೆ ಹಾಕಿ, ಅಂಥ ದಾನಿ ಬಂದರೆ ಬಿಟ್ಟುಬಿಡುತ್ತಾರೆ. ದಾನಿಯ ಗುರುತುಗಳನ್ನು ಹೀಗೆ ಪಟ್ಟಿಯೊಡನೆ ತಾಳೆ ನೋಡುವುದಕ್ಕೆ ವರ್ಚುವಲ್ ಕ್ರಾಸ್‌ಮ್ಯಾಚ್ ಎನ್ನುತ್ತಾರೆ.

ನಿಜವಾದ ಕ್ರಾಸ್‌ಮ್ಯಾಚ್ ಪ್ಲೇಟಿನ ಸಣ್ಣ ಗುಳಿಗಳಲ್ಲಿ ನಡೆಯುತ್ತದೆ. ದಾನಿಯ ಬಿಳಿ ರಕ್ತಕಣ, ಅಂದರೆ ಲಿಂಫೋಸೈಟ್‌ಗಳು ಒಂದು ಮೈಕ್ರೊಲೀಟರ್, ರೋಗಿಯ ಸೀರಂ (ರಕ್ತದ ತಿಳಿ) ಒಂದು ಮೈಕ್ರೊಲೀಟರ್ ಹಾಕಿ ಅರ್ಧ ಗಂಟೆ ಬಿಡುತ್ತಾರೆ. ಆಮೇಲೆ ಮೊಲದ ಕಾಂಪ್ಲಿಮೆಂಟ್ ಐದು ಮೈಕ್ರೊಲೀಟರ್ ಹಾಕಿ ಇನ್ನೊಂದು ಗಂಟೆ ಕಾಯಬೇಕು. ಆ್ಯಂಟಿಬಾಡಿ ಅಂಟಿದ ಕೋಶವನ್ನು ಈ ಕಾಂಪ್ಲಿಮೆಂಟ್ ಸಾಯಿಸುತ್ತದೆ. ಕೊನೆಗೆ ಇಯೋಸಿನ್ ಬಣ್ಣ. ಸತ್ತ ಕೋಶ ಬಣ್ಣ ಕುಡಿದು ಕಪ್ಪಾಗುತ್ತದೆ, ಬದುಕಿದ್ದು ಮಿನುಗುತ್ತದೆ. ಕೋಶ ಬೇರ್ಪಡಿಸುವ ಕೆಲಸವೂ ಸೇರಿ ಇದಕ್ಕೆ ನಾಲ್ಕರಿಂದ ಆರು ಗಂಟೆ ಬೇಕು. ತೆಗೆದ ಹೃದಯವನ್ನು ಐಸ್‌ನಲ್ಲಿ ಇಡಬಹುದಾದದ್ದು ಸುಮಾರು ನಾಲ್ಕೇ ಗಂಟೆ. ಹೀಗಾಗಿ ಮೊದಲೇ ಮಾಡಿಟ್ಟ ಆ್ಯಂಟಿಬಾಡಿ ವರದಿ ತಾಜಾ ಇರಬೇಕು. ಈ ನಡುವೆ ರಕ್ತ ಹಾಕಿದರೆ, ದೊಡ್ಡ ಸೋಂಕು ಬಂದರೆ, ಎರಡು ವಾರದ ನಂತರ ಮತ್ತೆ ಸೀರಂ ಕೊಡಬೇಕು. ಊರಿನ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ರಕ್ತ ಏರಿಸಿ, ಅದನ್ನು ಬೆಂಗಳೂರಿಗೆ ತಿಳಿಸದೇ ಇರುವುದು ದೊಡ್ಡ ತಪ್ಪು. ರಕ್ತ ಬೇಕೇ ಬೇಕಾದರೆ ಬಿಳಿ ರಕ್ತಕಣ ಸೋಸಿದ ರಕ್ತವನ್ನೇ ಕೇಳಿ, ಲ್ಯೂಕೋ ಫಿಲ್ಟರ್ ಎಂದರೆ ಬ್ಲಡ್ ಬ್ಯಾಂಕಿನವರಿಗೆ ಗೊತ್ತಾಗುತ್ತದೆ.

ಇದೆಲ್ಲ ತಪ್ಪಿದರೆ ಆಗುವುದು ಹೈಪರ್ಅಕ್ಯೂಟ್ ರಿಜೆಕ್ಷನ್: ಹೊಸ ಹೃದಯ ನಿಮಿಷಗಳಲ್ಲಿ, ಗಂಟೆಗಳಲ್ಲಿ ಕೆಡುತ್ತದೆ. ಈಗ ಅದು ಅಪರೂಪ. ಮೊದಲ ವಾರಗಳಲ್ಲಿ ಹೆಚ್ಚು ಕಾಣುವುದು ಟಿ ಕೋಶ ಎಂಬ ಬಿಳಿ ರಕ್ತಕಣಗಳ ದಾಳಿ. ಪಿಆರ್‌ಎ ಹೆಚ್ಚಿದ್ದವರಲ್ಲಿ ಆ್ಯಂಟಿಬಾಡಿ ದಾಳಿಯ ಭಯವೂ ಇದೆ. ಕಸಿಯಾದ ಹೃದಯಕ್ಕೆ ನರ ಕಡಿದಿರುತ್ತದೆ, ಎದೆನೋವು ಬಂದೇ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಕೂತಲ್ಲೇ 90–110 ಬಡಿತ ಅದಕ್ಕೆ ಮಾಮೂಲು. ಆದ್ದರಿಂದ ಮೊದಲ ತಿಂಗಳು ಹೆಚ್ಚು ಕಡಿಮೆ ವಾರಕ್ಕೊಮ್ಮೆ ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ, ಬಲ ಕುಹರದ ಒಳಗೋಡೆಯಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ‘ಹುಷಾರಾಗಿದ್ದಾರಲ್ಲ, ಯಾಕೆ ಬೇಕು’ ಎನ್ನಬೇಡಿ.

ಎಲ್ಲರೂ ರಿಜೆಕ್ಷನ್‌ಗೇ ಹೆದರುತ್ತಾರೆ. ನನಗೆ ಅಷ್ಟೇ ಚಿಂತೆ ಇನ್ನೊಂದು ಪಕ್ಕದ್ದು. ಆ್ಯಂಟಿಬಾಡಿ ಇಳಿಸಲು ಪ್ಲಾಸ್ಮಾ ಬದಲಿಸಿ, ರಿಟುಕ್ಸಿಮ್ಯಾಬ್ ಕೊಟ್ಟು, ಮೇಲೆ ಸ್ಟೀರಾಯ್ಡ್, ಮೈಕೋಫಿನೊಲೇಟ್ ಸೇರಿದರೆ ಒಳ್ಳೆಯ ಆ್ಯಂಟಿಬಾಡಿಯೂ ಬರಿದಾಗುತ್ತದೆ. ರಕ್ತದಲ್ಲಿ ಐಜಿಜಿ ಎಂಬ ಈ ಆ್ಯಂಟಿಬಾಡಿ ಡೆಸಿಲೀಟರಿಗೆ 400 ಮಿಲಿಗ್ರಾಂಗಿಂತ ಕೆಳಗಿಳಿದರೆ ಸೋಂಕು ಬೇಗ ಹಿಡಿಯುತ್ತದೆ. ಕಸಿಗೆ ಮೊದಲೂ, ಆದ ಮೊದಲ ವಾರಗಳಲ್ಲೂ ಐಜಿಜಿ ನೋಡಿದ್ದೀರಾ ಎಂದು ಡಾಕ್ಟರನ್ನು ಧಾರಾಳವಾಗಿ ಕೇಳಿ. ದಾನಿಗೆ ಸಿಎಂವಿ ವೈರಸ್ ಇದ್ದು ಅತ್ತಿಗೆಗೆ ಇಲ್ಲದಿದ್ದರೆ ಆ ಜೋಡಿ ಹೆಚ್ಚು ಅಪಾಯದ್ದು, ವಾಲ್‌ಗ್ಯಾನ್‌ಸಿಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧ ತಿಂಗಳುಗಟ್ಟಲೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯವರು ಡಾಕ್ಟರು ಕೇಳದಿದ್ದರೂ ಹೇಳಬೇಕಾದದ್ದಿದೆ. ಬರಿಗಾಲಲ್ಲಿ ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ ಓಡಾಡಿದವರ ಕರುಳಲ್ಲಿ ಸ್ಟ್ರಾಂಗಿಲಾಯ್ಡಿಸ್ ಹುಳ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ಸ್ಟೀರಾಯ್ಡ್ ಶುರುವಾದರೆ ಅದು ಮೈಯೆಲ್ಲ ಹರಡಬಹುದು. ಮೊದಲೇ ಪತ್ತೆ ಮಾಡಿದರೆ ಐವರ್‌ಮೆಕ್ಟಿನ್ ಮಾತ್ರೆ ಸಾಕು. ಹಳೆಯ ಟಿಬಿ ಇದ್ದರೆ ಅದನ್ನೂ ಹೇಳಿ. ಕಸಿಯ ನಂತರ ದರಕು ತರಲು ಬೆಟ್ಟಕ್ಕೆ ಹೋಗುವುದು ಬೇಡ, ಉಣುಗಿನಿಂದ ಮಂಗನ ಕಾಯಿಲೆ. ಮಳೆಗಾಲದ ಕೆಸರೂ ಬೇಡ, ಇಲಿಜ್ವರ ಇದೆ, ಕರಾವಳಿ ಮಣ್ಣಿನಲ್ಲಿ ಮೆಲಿಯಾಯ್ಡೊಸಿಸ್ ಎಂಬ ಗಂಭೀರ ಸೋಂಕಿನ ಬ್ಯಾಕ್ಟೀರಿಯಾ ಇದೆ.

ರಿಜೆಕ್ಷನ್ ತಡೆಯುವ ಗುಳಿಗೆ ಟ್ಯಾಕ್ರೊಲಿಮಸ್ 12 ಗಂಟೆಗೊಮ್ಮೆ. ಮೊದಲ ಎರಡು ತಿಂಗಳು ರಕ್ತದಲ್ಲಿ ಅದರ ಮಟ್ಟವನ್ನು ಸಾಮಾನ್ಯವಾಗಿ ಮಿಲಿಲೀಟರಿಗೆ 10ರಿಂದ 15 ನ್ಯಾನೊಗ್ರಾಂ ಇಡುತ್ತಾರೆ. ರಕ್ತ ಕೊಡುವ ದಿನ ಬೆಳಗಿನ ಗುಳಿಗೆ ನುಂಗದೆ ಹೋಗಬೇಕು, ನುಂಗಿ ಕೊಟ್ಟರೆ ಅಂಕಿ ಸುಳ್ಳೇ ಹೆಚ್ಚು ಬಂದು ಡೋಸ್ ಇಳಿಸಿಬಿಡುತ್ತಾರೆ. ಹಿತ್ತಲ ಚಕ್ಕೋತ ಹಣ್ಣು ಮುಟ್ಟಿಸಬೇಡಿ, ಔಷಧದ ಮಟ್ಟ ಏರಿ ಮೂತ್ರಪಿಂಡಕ್ಕೆ ಪೆಟ್ಟು. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್‌ನಿಂದಲೂ ಏರುತ್ತದೆ, ಟಿಬಿಯ ರಿಫಾಂಪಿಸಿನ್‌ನಿಂದ ಇಳಿಯುತ್ತದೆ. ಅಮೃತಬಳ್ಳಿ ಕಷಾಯ ಶಕ್ತಿ ಕೊಡುತ್ತದೆ ಎಂದು ಯಾರಾದರೂ ಪ್ರೀತಿಯಿಂದಲೇ ತರುತ್ತಾರೆ. ಇಲ್ಲಿ ತಗ್ಗಿಸಿಡಬೇಕಾದದ್ದೇ ಆ ರೋಗನಿರೋಧಕ ಶಕ್ತಿಯನ್ನು, ದಯವಿಟ್ಟು ಬೇಡ ಎನ್ನಿ.

ಜ್ವರ 100.4 ದಾಟಿದರೆ, ಎರಡು ದಿನದಲ್ಲಿ ತೂಕ ಒಂದೆರಡು ಕಿಲೊ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಪ್ಯಾರಾಸಿಟಮಾಲ್ ಕೊಡುವ ಮೊದಲೇ ಫೋನ್ ಮಾಡಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯನ್ನು ಕನಿಷ್ಠ ಮೂರು ತಿಂಗಳಿಗೆ ಹಿಡಿಯಿರಿ. ಊರಿಗೆ ಬಂದ ಮೇಲೆ ಜೂನ್ ಒಳಗೆ 15 ದಿನದ ಗುಳಿಗೆ ಹೆಚ್ಚುವರಿ ತಂದಿಟ್ಟುಕೊಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ನಿಮಗೂ ನೆನಪಿರಬೇಕು. ಅಂಥ ವಾರದಲ್ಲಿ ಟ್ಯಾಕ್ರೊಲಿಮಸ್ ಹುಡುಕಿಕೊಂಡು ಓಡುವ ಹಾಗಾಗಬಾರದು.