ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಬಯೋಮೆಡಿಕಲ್ ಸೈನ್ಸ್ ಬಿ.ಎಸ್ಸಿ. ಸೇರಬಹುದೇ?

ಡೊಂಬಿವಲಿಯಿಂದ ಕೇಳಿದ್ದೀರಿ. ಹನ್ನೆರಡನೇ ತರಗತಿಯಲ್ಲಿ ಬಯಾಲಜಿ ಇತ್ತು, ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ, ಅಪ್ಪ ಇನ್ನೊಂದು ವರ್ಷ ಕೂತು ಬರೆ ಅನ್ನುತ್ತಾರೆ, ನಿಮಗೆ ಬಯೋಮೆಡಿಕಲ್ ಸೈನ್ಸ್ ಮೇಲೆ ಮನಸ್ಸು. ಇದು ಲ್ಯಾಬ್ ಟೆಕ್ನಿಷಿಯನ್ ಕೋರ್ಸೇ, ಮುಂದೆ ಜೀವನಕ್ಕೆ ಏನು ದಾರಿ ಎಂಬುದು ನಿಮ್ಮ ಪ್ರಶ್ನೆ. ನಾನು ಮುಂಬೈಯಲ್ಲಿ ಲೈಫ್ ಸೈನ್ಸಸ್ ಓದಿದವಳು, ಈಗ ಪುಣೆಯ ಒಂದು ಪ್ರಯೋಗಾಲಯದಲ್ಲಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಿಯ ಮುಂದೆ ಕೂರಬೇಕು, ಔಷಧಿ ಬರೆದುಕೊಡಬೇಕು ಎಂಬುದೇ ನಿಮ್ಮ ಆಸೆಯಾದರೆ ಅಪ್ಪ ಹೇಳಿದ್ದೇ ಸರಿ, ಇನ್ನೊಮ್ಮೆ ನೀಟ್ ಬರೆಯಿರಿ. ಈ ಪದವಿ ಆ ಆಸೆಯನ್ನು ತೀರಿಸುವುದಿಲ್ಲ. ಕಾಯಿಲೆ ಯಾಕೆ ಬಂತು, ಅದೇ ಕಾಯಿಲೆ ಎಂದು ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಧೈರ್ಯವಾಗಿ ಸೇರಿ.

ನಮ್ಮ ಮುಂಬೈಯದೇ ಉದಾಹರಣೆ ಕೊಡುತ್ತೇನೆ. ಬಾಂಬೆ ರಕ್ತದ ಗುಂಪು ಎಂದು ಕೇಳಿರಬೇಕು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಅದನ್ನು ವರದಿ ಮಾಡಿದರು. ಈ ಗುಂಪಿನವರ ರಕ್ತಕ್ಕೆ ಎ ಗುಂಪನ್ನು ಪತ್ತೆ ಮಾಡುವ ಆಂಟಿ-ಎ ದ್ರವ ಹಾಕಿದರೂ ಗಡ್ಡೆ ಕಟ್ಟುವುದಿಲ್ಲ, ಬಿ ಗುಂಪಿನದಾದ ಆಂಟಿ-ಬಿ ಹಾಕಿದರೂ ಕಟ್ಟುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ 'ಓ' ಗುಂಪು ಎಂದು ಬರೆದುಬಿಡುತ್ತೇವೆ. ಆದರೆ ಅವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕೆಂಪು ರಕ್ತಕಣದ ಮೇಲೆ ಎಚ್ ಎಂಬ ಪದಾರ್ಥ ಬುನಾದಿಯಂತೆ ಇರುತ್ತದೆ, ಎ ಮತ್ತು ಬಿ ಅದರ ಮೇಲೆಯೇ ಕಟ್ಟಲ್ಪಡುತ್ತವೆ. ಓ ಗುಂಪಿನವರಲ್ಲಿ ಬುನಾದಿಯಷ್ಟೇ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ, ಹಾಗಾಗಿ ಅವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಎಚ್ ವಿರುದ್ಧವೇ ಪ್ರತಿಕಾಯ (ಆಂಟಿಬಾಡಿ) ಇರುತ್ತದೆ. ಅವರ ಸೀರಮ್ ಅನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಓ ಗುಂಪಿನ ಕಣಗಳ ಜೊತೆ ಬೆರೆಸಿ ನೋಡಿದಾಗ ಗಡ್ಡೆ ಕಟ್ಟಿ ಗುಟ್ಟು ಹೊರಬೀಳುತ್ತದೆ. ಎಚ್ ತಯಾರಿಸುವ ಕಿಣ್ವದ ಜೀನ್ ತಂದೆಯಿಂದಲೂ ತಾಯಿಯಿಂದಲೂ ಕೆಲಸಕ್ಕೆ ಬಾರದ ಪ್ರತಿಯಾಗಿ ಬಂದಿರುತ್ತದೆ. ನೋಡಿ, ಒಂದೇ ಪರೀಕ್ಷೆಯಲ್ಲಿ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಇಮ್ಯುನಾಲಜಿ ಮೂರೂ ಬಂದವು. ಈ ಪದವಿ ಕಲಿಸುವುದು ಇದನ್ನೇ. ಓದುವಾಗ ನನಗೆ ಮೈ ಜುಮ್ಮೆಂದಿತ್ತು, ಈಗಲೂ ಹಾಗೆಯೇ.

ಊರಿನ ಕಡೆಯ ಮಂಗನ ಕಾಯಿಲೆಯೂ ಹಾಗೆಯೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಹಳದಿ ಜ್ವರ ಇರಬಹುದೇ ಎಂಬ ಭಯವಿತ್ತು. ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳುವಿನಿಂದ ಹರಡುವ ಬೇರೆಯೇ ವೈರಸ್ ಎಂದು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಲೆನಾಡಿನಲ್ಲಿ ಆ ಕಾಯಿಲೆಗೆ ಈಗಲೂ ಜನ ಸಾಯುತ್ತಾರೆ. ಈ ಓದನ್ನು ಡಾಕ್ಟರಿಕೆ ಸಿಗದವರ ಪಾಲಿನದು ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುವುದು ಅದಕ್ಕೇ.

ಇನ್ನು ಕೋರ್ಸಿನ ಹೆಸರು. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಯೋಮೆಡಿಕಲ್ ಸೈನ್ಸ್ ಎಂದೇ ಆನರ್ಸ್ ಪದವಿ ಇದೆ. ನಮ್ಮ ಕಡೆ ಬಹುಪಾಲು ಇದೇ ವಿಷಯ ಲೈಫ್ ಸೈನ್ಸಸ್, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಲ್ಯಾಬ್ ಟೆಕ್ನಿಷಿಯನ್ ಆಗಲು ಇರುವುದು ಬಿ.ಎಂ.ಎಲ್.ಟಿ. ಪದವಿ ಅಥವಾ ಡಿ.ಎಂ.ಎಲ್.ಟಿ. ಡಿಪ್ಲೊಮಾ. ಬೇಗ ಕೆಲಸ ಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ, ಕೀಳೇನಲ್ಲ. ಬಯೋಮೆಡಿಕಲ್ ಇಂಜಿನಿಯರಿಂಗ್ ಬೇರೆಯೇ, ಅಲ್ಲಿ ಉಪಕರಣಗಳ ಕೆಲಸ. ಐದು ವರ್ಷ ಒಟ್ಟಿಗೇ ಓದುವ ಮನಸ್ಸಿದ್ದರೆ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ಗೆ ಐಎಟಿ ಪರೀಕ್ಷೆ, ಮುಂಬೈ ಕಲೀನಾದ ಮೂಲವಿಜ್ಞಾನ ಕೇಂದ್ರ ಸಿಇಬಿಎಸ್‌ಗೆ ನೆಸ್ಟ್ ಪರೀಕ್ಷೆ ಬರೆಯಬೇಕು. ಅಪ್ಪ ಒಂದು ವರ್ಷ ಕಾಯಲು ಒಪ್ಪಿದ್ದಾರಲ್ಲ, ಆ ವರ್ಷ ನೀಟ್ ಜೊತೆಗೆ ಈ ಎರಡನ್ನೂ ಬರೆಯಿರಿ ಎಂದೇ ನನ್ನ ಸಲಹೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಬರೀ ಬಿ.ಎಸ್ಸಿ.ಗೆ ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷೆಯಲ್ಲೋ ಡಯಾಗ್ನೋಸ್ಟಿಕ್ ಲ್ಯಾಬಿನಲ್ಲೋ ಸಣ್ಣ ಸಂಬಳದ ಕೆಲಸ ಸಿಗುತ್ತದೆ. ಪ್ಯಾಥಾಲಜಿ ವರದಿಗೆ ಸಹಿ ಹಾಕುವ ಅಧಿಕಾರ ಈ ಪದವಿಯಿಂದ ಬರುವುದಿಲ್ಲ, ಅದು ವೈದ್ಯರದು. ಎಂ.ಎಸ್ಸಿ. ಮಾಡಲೇಬೇಕು ಎಂದುಕೊಂಡೇ ಹೊರಡಿ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿ ಪಿಎಚ್.ಡಿ. ಸೇರಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಅಲ್ಲಿಯವರೆಗೆ ಮನೆಯವರ ಆಸರೆ ಬೇಕಾಗುತ್ತದೆ. ಅಪ್ಪನ ಹತ್ತಿರ ಕೂತು ಇದನ್ನೂ ಲೆಕ್ಕ ಹಾಕಿ ಮಾತಾಡಿ, ಆಮೇಲೆ ಅವರಿಗೆ ಹೊಸದಾಗಿ ಗೊತ್ತಾಗಬಾರದು.

ಕಾಲೇಜು ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಮೂರನೇ ವರ್ಷದ ಹುಡುಗಿಯರನ್ನು ಹಿಡಿದು ಕೇಳಿ: ದ್ರವ ಅಳೆದು ಹಾಕುವ ಪಿಪೆಟ್ ನಿಮ್ಮ ಕೈಗೆ ಕೊಡುತ್ತಾರಾ, ಇಲ್ಲ ಮೇಷ್ಟ್ರು ಮಾಡಿ ತೋರಿಸಿದ್ದನ್ನು ಜರ್ನಲ್‌ನಲ್ಲಿ ಬರೆದುಕೊಳ್ಳುವುದಷ್ಟೇನಾ? ರಜೆಯಲ್ಲಿ ಪರೇಲ್, ಖಾರ್‌ಘರ್, ಪುಣೆ ಕಡೆಯ ಸಂಶೋಧನಾ ಸಂಸ್ಥೆಗಳಿಗೆ ಪ್ರಾಜೆಕ್ಟ್‌ಗೆ ಕಳಿಸುತ್ತಾರಾ? ಇವೆರಡಕ್ಕೂ ಹೌದು ಎಂದರೆ ಹತ್ತಿರದ ಸಾಧಾರಣ ಕಾಲೇಜೂ ಸಾಕು, ದಿನಾ ಲೋಕಲ್‌ನಲ್ಲಿ ನೇತಾಡಿಕೊಂಡು ದೊಡ್ಡ ಹೆಸರಿನ ಹಿಂದೆ ಹೋಗಬೇಕಿಲ್ಲ.